ಕಣ್ಣಿನ ಮೇಲಿದ್ದ ಕೈ

ಮಾರ್ಚ್ 4, ಸಂಜೆ ಏಳೂವರೆ

ಇವತ್ತು ಎರಡು ಪಂಪಿನ ಮೋಟಾರು, ಒಂದು ಟೇಬಲ್ ಫ್ಯಾನು. ಫ್ಯಾನಿನ ಕಾಯಿಲ್ ಪೂರ್ತಿ ಸುಟ್ಟಿತ್ತು. ಹಳೇ ತಂತಿ ಬಿಚ್ಚಿ ಹೊಸದು ಸುತ್ತಿದೆ. ವಾರ್ನಿಷ್ ಒಣಗಲು ಬಿಟ್ಟು ಬಂದಿದ್ದೇನೆ. ಬೆರಳ ತುದಿ ಇನ್ನೂ ಅಂಟಂಟು.

ಫ್ಯಾನು ತಂದಿದ್ದ ಅಜ್ಜಿ ಕೇಳಿದರು.

"ಮೊದಲಿನ ಹಾಗೇ ತಿರುಗತ್ತೇನಪ್ಪಾ?"

"ತಿರುಗತ್ತೆ ಅಜ್ಜಿ."

"ಟಕಟಕ ಅಂತಿತ್ತಲ್ಲ, ಅದು?"

"ಅದು ಇರಲ್ಲ. ಸರಿ ಮಾಡಿದೀನಿ."

"ಅಯ್ಯೋ, ಅದಿಲ್ಲದಿದ್ರೆ ನಂಗೆ ನಿದ್ದೆ ಹತ್ತಲ್ಲ ಕಣೋ."



ಡ್ರಾಯರಿನಲ್ಲಿ ಹೆಂಡತಿಯ ಫೋನು ದಿನವಿಡೀ ಕುಂಯ್‌ಗುಟ್ಟುತ್ತಿತ್ತು. ಅವಳು ತೀರಿಕೊಂಡು ಐದನೇ ತಿಂಗಳು. ಇನ್ನೂ ಚಾರ್ಜ್ ಮಾಡುತ್ತಲೇ ಇದ್ದೇನೆ. ಯಾಕೆ ಅಂತ ಕೇಳುವವರಿಲ್ಲ.

ಎಲ್ಲ ಅವಳ 'ಕತ್ತಲೆ ಕೂಟ'ದ ಮೆಸೇಜುಗಳು. ದೆವ್ವದ ಸಿನಿಮಾದ ಹುಚ್ಚಿರುವವರ ಗುಂಪು, ಕಟ್ಟಿದವಳು ಅವಳೇ. ಅವರೆಲ್ಲ ಪ್ರಾಣ ಬಿಡುವ ಆ ಹಳೇ ಸಿನಿಮಾ ಮತ್ತೆ ತಯಾರಾಗಿದೆಯಂತೆ. ಏಪ್ರಿಲ್ ಹದಿನೆಂಟಕ್ಕೆ ಬಿಡುಗಡೆ. ಗುಂಪಿನಲ್ಲಿ ಸಿನಿಮಾದ ಹೆಸರು ಹೇಳುವುದಿಲ್ಲ. ಹಳೇದು, ಹೊಸದು — ಅಷ್ಟೇ.

ಕೊನೆಯ ಮೆಸೇಜು ನನಗೆ. "ಭಾವ, ಮೊದಲ ಶೋಗೆ ನೀವು ಬರಲೇಬೇಕು. ಅಕ್ಕನ ಸೀಟು ನಿಮಗೆ."

ಓದಿ ಡ್ರಾಯರು ಮುಚ್ಚಿದೆ.

ಮಾರ್ಚ್ 7, ಸಂಜೆ

ನನಗೆ ದೆವ್ವದ ಸಿನಿಮಾ ಆಗುವುದಿಲ್ಲ. ಅವಳಿಗೆ ಅದಿಲ್ಲದೆ ಆಗುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ದಿನವಿಡೀ ಪುಸ್ತಕ ಬೈಂಡ್ ಮಾಡಿ ಬಂದು, ಕೈ ತೊಳೆದು, ದೆವ್ವ ನೋಡಲು ಕೂರುವಳು. 'ನಿಮ್ಮದು ವೈಂಡಿಂಗು, ನಂದು ಬೈಂಡಿಂಗು, ದೆವ್ವಕ್ಕೆ ನಾವಿಬ್ಬರೂ ಬೇಡ ಹೋಗ್ರೀ' ಎನ್ನುವಳು.

ಹಳೇದನ್ನು ಪ್ರತಿ ವರ್ಷ ನೋಡಲೇಬೇಕು. ಅವಳು ಮಧ್ಯೆ, ಒಂದು ಕಡೆ ಮಗಳು, ಒಂದು ಕಡೆ ನಾನು. ದೆವ್ವ ಮೆಟ್ಟಿಲಿಳಿಯುವ ಹೊತ್ತಿಗೆ ಅವಳ ಕೈ ನನ್ನ ಕಣ್ಣಿನ ಮೇಲೆ ಬರುತ್ತಿತ್ತು. ಎಷ್ಟು ತೊಳೆದರೂ ಹೋಗದ ಅಂಟಿನ ವಾಸನೆ. ಕಿವಿಯ ಹತ್ತಿರ ಪಿಸುಮಾತು — "ಈಗ ಬೇಡ… ಇನ್ನೂ ಇದೆ… ಇನ್ನೂ… ಹಾಂ, ತೆಗೀರಿ."

ಹಾಗಾಗಿ ಆ ದೆವ್ವದ ಮುಖ ನಾನು ಕಂಡಿಲ್ಲ. ಹೇಗಿದೆ ಎಂದು ಒಮ್ಮೆ ಕೇಳಿದ್ದೆ. "ನಿಮ್ಮ ದೊಡ್ಡಕ್ಕ ಬೆಳಿಗ್ಗೆ ಎದ್ದ ಹಾಗಿದೆ" ಅಂದಳು.

ಈಗ ಹೊಸದರಲ್ಲಿ ಯಾವಾಗ ಕಣ್ಣು ಮುಚ್ಚಬೇಕು, ಯಾವಾಗ ತೆಗೆಯಬೇಕು — ಹೇಳುವವರು ಯಾರು.

ಮಾರ್ಚ್ 15

ಕೂಟದ ಮೂವರು ಅಂಗಡಿಗೇ ಬಂದರು. ಬಸ್ ಡ್ರೈವರ್, ಮೆಡಿಕಲ್ ಶಾಪಿನವನು, ಲೈಬ್ರರಿ ಮೇಡಂ. ಸ್ಟೂಲು ಎರಡೇ. ಡ್ರೈವರ್ ಪಂಪಿನ ಮೇಲೆ ಕೂತ.

"ಹೊಸದು ಬರೀ ಗ್ರಾಫಿಕ್ಸ್ ಭಾವ. ದೆವ್ವ ಗೋಡೆ ಮೇಲೆ ಹಲ್ಲಿ ಥರ ಓಡತ್ತೆ, ನೋಡ್ತಿರಿ."

"ನೋಡೋಕೆ ಮುಂಚೆ ಶಾಪ ಹಾಕ್ಬೇಡ" ಅಂದ ಮೆಡಿಕಲ್‌ನವನು. "ಈಗಿನ ಸೌಂಡು ಚೆನ್ನಾಗಿರತ್ತೆ. ಹಳೇದರಲ್ಲಿ ಬಾಗಿಲು ಕಿರ್ ಅಂದ್ರೆ ಬಾತುಕೋಳಿ ಕೂಗಿದ ಹಾಗಿತ್ತು."

"ಆ ಬಾತುಕೋಳಿಗೇ ನೀನು ಚಡ್ಡಿ ಒದ್ದೆ ಮಾಡ್ಕೊಂಡಿದ್ದು."

"ಆಗ ನಂಗೆ ಆರು ವರ್ಷ."

ಮೇಡಂ ನಗಲಿಲ್ಲ. "ನಂದು ಒಂದೇ ಚಿಂತೆ. ಜಡೆ ಸೀನು ಇಟ್ಟಿದಾರೋ ಇಲ್ವೋ. ಡೈರೆಕ್ಟರು ಇಂಟರ್‌ವ್ಯೂನಲ್ಲಿ ಸ್ಪೀಡು, ಸ್ಪೀಡು ಅಂತಾರೆ. ಅದನ್ನ ಕತ್ತರಿಸಿದ್ರೆ ಮಿಕ್ಕಿದ್ದು ಬರೀ ಕಿರುಚಾಟ. ಅಕ್ಕ ಇದ್ದಿದ್ರೆ ಒಪ್ತಿರಲಿಲ್ಲ. ಅಲ್ವಾ ಭಾವ?"

ಹೂಂ ಅಂದೆ.

ಯಾವ ಜಡೆ ಸೀನು?

ಮಾರ್ಚ್ 16

ಹಳೇದನ್ನು ಮೊದಲಿಂದ ಕೊನೆವರೆಗೆ ಮನಸ್ಸಿನಲ್ಲೇ ಓಡಿಸಿದೆ. ಜಡೆ ಎಲ್ಲೂ ಇಲ್ಲ. ಅವಳು ಯಾವತ್ತೂ ಹೇಳಿಲ್ಲ.

ಮಾರ್ಚ್ 30, ಬೆಳಿಗ್ಗೆ

ನಿನ್ನೆ ಟ್ರೇಲರ್ ಬಂತು. ಅಂಗಡಿ ಬಾಗಿಲು ಅರ್ಧ ಎಳೆದು ಅವಳ ಫೋನಿನಲ್ಲೇ ಹಾಕಿದೆ. ಮೆಟ್ಟಿಲು ಕಂಡಿತು. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅಭ್ಯಾಸ.

ಕಿವಿ ಮುಚ್ಚಿರಲಿಲ್ಲವಲ್ಲ. ಸಂಗೀತದ ಅಡಿಯಲ್ಲಿ ಒಂದು ಶಬ್ದ. ಸರ್ರ್… ಸರ್ರ್… ಮಧ್ಯೆ ಸಣ್ಣ ತಡೆ. ಹಳೇದರಲ್ಲೂ ಕೈಯಡಿಯ ಕತ್ತಲೆಯಲ್ಲಿ ಪ್ರತಿ ವರ್ಷ ಕೇಳಿದ ಶಬ್ದ. ಮೊದಲ ಸಲ ಗುಂಪಿನಲ್ಲಿ ನಾನೇ ಬರೆದೆ — "ಕಸ ಗುಡಿಸುವ ಶಬ್ದ ಇಟ್ಟಿದ್ದಾರೆ."

ಆಮೇಲೆ ಮೇಡಂ ಫೋನು.

"ಭಾವ, ಹಳೇದರಲ್ಲಿ ಯಾರೂ ಕಸ ಗುಡಿಸಲ್ಲ. ಅದು ಬಾಚಣಿಗೆ. ಜಡೆ ಸೀನು."

"ಯಾವ ಜಡೆ ಸೀನು ಮೇಡಂ?"

"ನೀವು ಅದನ್ನ ನೋಡೇ ಇಲ್ವಾ?"

"ಕಣ್ಣು ಮುಚ್ಚಿರ್ತಿತ್ತು ಮೇಡಂ."

"ದೆವ್ವ ಮೆಟ್ಟಿಲಿಳಿಯೋದು ಒಂದು ಚಿಟಿಕೆ ಹೊತ್ತು. ಆಮೇಲೂ ಮುಚ್ಚಿರ್ತಿತ್ತಾ?"

ಅಷ್ಟು ಹೊತ್ತಿಗೆ ಗುಂಪಿನಲ್ಲಿ ಎಲ್ಲರೂ ಟ್ರೇಲರನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅರ್ಧ ಜನಕ್ಕೆ ಬಾಚಣಿಗೆ ಕೇಳಿಸಿತು. ಇನ್ನರ್ಧ ಜನಕ್ಕೆ ಇಲ್ಲ. ಡ್ರೈವರ್‌ಗೆ ವೈಪರ್ ಥರ ಕೇಳಿಸಿತಂತೆ.

ಈಗ ನನಗೂ ಅನುಮಾನ. ಆ ಶಬ್ದ ನಿಜಕ್ಕೂ ಇತ್ತೋ, ಇರಲಿ ಅಂತ ನಾನೇ ಅಂದುಕೊಂಡೆನೋ.

ಏಪ್ರಿಲ್ 6, ಭಾನುವಾರ

ಮಗಳು ಬಂದಿದ್ದಾಳೆ. ಆಸ್ಪತ್ರೆಯಲ್ಲಿ ಎರಡು ದಿನ ರಜೆ ಸಿಕ್ಕಿತಂತೆ. ಹಳೇದನ್ನು ಹಾಕು ಅಂದೆ. ನನ್ನ ಮುಖವನ್ನೇ ನೋಡಿದಳು.

ಮಟಮಟ ಮಧ್ಯಾಹ್ನ, ಕಿಟಕಿ ತೆರೆದೇ ಕೂತೆವು. ಮೆಟ್ಟಿಲು ಬಂತು.

"ಅಪ್ಪಾ, ಕೈ ಇಡ್ಲಾ?"

"ಬೇಡ."

ದೆವ್ವ ಇಳಿಯಿತು. ಹಿಟ್ಟಿನ ಡಬ್ಬಿಯಲ್ಲಿ ಮುಖ ಅದ್ದಿದ ಹಾಗೆ ಬಿಳಿ ಬಳಿದುಕೊಂಡ ಒಬ್ಬ ಹೆಂಗಸು. ನಿಜಕ್ಕೂ ಸ್ವಲ್ಪ ದೊಡ್ಡಕ್ಕನೇ. ನಗು ಬಂತು. ಇಷ್ಟಕ್ಕಾ?

ಆಮೇಲೆ ದೆವ್ವ ಒಳಗಿನ ಕೋಣೆಗೆ ಹೋಗುತ್ತದೆ. ಅಲ್ಲೊಂದು ಪುಟ್ಟ ಹುಡುಗಿ, ತಾಯಿ ಸತ್ತ ಹುಡುಗಿ, ಗೋಡೆಗೆ ಮುಖ ಮಾಡಿ ಕೂತಿದೆ. ಕೂದಲು ಗಂಟು ಗಂಟು. ದೆವ್ವ ಅದರ ಹಿಂದೆ ಕೂತು ಬಾಚುತ್ತದೆ. ಗಂಟು ಸಿಕ್ಕಿದ ಕಡೆ ನಿಧಾನ ಮಾಡುತ್ತದೆ, ನೋವಾಗಬಾರದೆಂದು. ಜಡೆ ಹೆಣೆದು, ತುದಿಗೆ ಗಂಟು ಹಾಕಿ, ಎದ್ದು ಹೋಗುತ್ತದೆ. ಹುಡುಗಿ ತಿರುಗಿ ನೋಡುವುದಿಲ್ಲ. ಜಡೆ ಮುಟ್ಟಿ ನೋಡಿಕೊಳ್ಳುತ್ತದೆ. ಮಾತಿಲ್ಲ, ಸಂಗೀತವಿಲ್ಲ. ತುಂಬಾ ಹೊತ್ತು.

ಪ್ರತಿ ವರ್ಷ ಇಷ್ಟೂ ಹೊತ್ತು ಅವಳ ಕೈ ನನ್ನ ಕಣ್ಣಿನ ಮೇಲಿರುತ್ತಿತ್ತು.

"ಇದರಲ್ಲಿ ಹೆದರೋದೇನಿದೆ? ಯಾಕೆ ಮುಚ್ತಿದ್ದಳು?"

ಮಗಳು ಟಿವಿ ನಿಲ್ಲಿಸಿದಳು. "ಅಮ್ಮ ಅಳ್ತಿದ್ದಳು ಅಪ್ಪಾ. ಪ್ರತಿ ಸಲ."

"ನಿಂಗೆ ಗೊತ್ತಿತ್ತಾ?"

"ನಾನು ಈ ಕಡೆ ಕೂತಿರ್ತಿದ್ದೆನಲ್ಲ. ನನ್ನ ಕಣ್ಣು ಯಾರು ಮುಚ್ತಿದ್ರು?"

"ನಂಗೊಂದು ಮಾತು ಹೇಳ್ಬಾರದಿತ್ತಾ?"

"ಹೇಳ್ಬೇಡ ಅಂದಿದ್ದಳು. ನಿಮ್ಮಪ್ಪ ನನ್ನನ್ನ ಗಟ್ಟಿಗಿತ್ತಿ ಅಂದ್ಕೊಂಡಿದಾರೆ, ಹಾಗೇ ಇರ್ಲಿ ಅಂತ."

ಹೆಂಡತಿಯ ಅಮ್ಮ ತೀರಿಕೊಂಡಾಗ ಅವಳು ಎರಡನೇ ಕ್ಲಾಸು. ಗೊತ್ತಿತ್ತು. ಆ ವರ್ಷದ ಸ್ಕೂಲ್ ಫೋಟೋದಲ್ಲಿ ಅವಳೊಬ್ಬಳದೇ ತುಂಡು ಕೂದಲು. ಕೇಳಿದರೆ "ಸೆಕೆ ಅಂತ ಕತ್ತರಿಸಿದ್ರು" ಎನ್ನುತ್ತಿದ್ದಳು. ನಂಬಿದ್ದೆ. ಬಾಚುವವರು ಇರಲಿಲ್ಲ ಅಂತ ಹೊಳೆಯಲೇ ಇಲ್ಲ.

ಕಣ್ಣು ಮುಚ್ಚಿದಾಗ ಅವಳು ಮೂಗು ಸೊರ ಸೊರ ಎಳೆಯುವುದು ಕೇಳಿಸುತ್ತಿತ್ತು. ಪ್ರೆಸ್ಸಿನ ಧೂಳು ಅನ್ನುತ್ತಿದ್ದಳು.

ಏಪ್ರಿಲ್ 7

ಇದನ್ನೂ ಬರೆದುಬಿಡುತ್ತೇನೆ. ಮಗಳಿಗೆ ಹೇಳಲಿಲ್ಲ.

ಮೊದಮೊದಲು ನಿಜವಾದ ಭಯವೇ. ಆಮೇಲಾಮೇಲೆ ಅಷ್ಟಿರಲಿಲ್ಲ. ಮಗಳು ಹೈಸ್ಕೂಲು ಸೇರುವ ಹೊತ್ತಿಗೆ ಏನೂ ಇರಲಿಲ್ಲ. ಆದರೆ ಭಯ ಹೋಗಿದೆ ಅಂದರೆ ಕೈ ತೆಗೆದುಬಿಡುತ್ತಾಳಲ್ಲ… ಸುಮ್ಮನಿದ್ದೆ.

ಅವಳೂ ಸುಮ್ಮನಿದ್ದಳು. ಒಂದು ಕೈಯ ಆಚೆಗೊಬ್ಬರು, ಈಚೆಗೊಬ್ಬರು.

ಗುಂಪಿಗೆ ಬರೆದೆ — ಬರುತ್ತೇನೆ.

ಏಪ್ರಿಲ್ 14, ಸಂಜೆ ಆರು

ಹೊಸದರ ಉದ್ದ ತಿಳಿಯಿತಂತೆ. ಹಳೇದಕ್ಕಿಂತ ಇಪ್ಪತ್ತು ನಿಮಿಷ ಕಡಿಮೆ. ಗುಂಪಿನಲ್ಲಿ ಸೂತಕದ ಕಳೆ. ಏನು ಹೋಗಿರಬಹುದು ಅಂತ ಎಲ್ಲರಿಗೂ ಒಂದೇ ಅನುಮಾನ.

ಲೈಬ್ರರಿ ಮೇಡಂ ಅಂಗಡಿಗೆ ಬಂದು ಟಿಕೆಟ್ ವಾಪಸ್ ಕೊಟ್ಟರು. "ನಾನು ಬರಲ್ಲ ಭಾವ. ಅದನ್ನ ಕಿತ್ತು ಹಾಕಿರೋದನ್ನ ಕಣ್ಣಾರೆ ನೋಡ್ಬೇಕಾ?"

"ಹೊಸದರಲ್ಲಿ ಇಲ್ದಿದ್ರೆ ಹಳೇದರಲ್ಲಿ ಇದೆಯಲ್ಲ ಮೇಡಂ. ಅದನ್ನ ಯಾರೂ ಹೊತ್ಕೊಂಡು ಹೋಗಲ್ಲ."

"ಮೊನ್ನೆ ತಾನೇ ನೋಡಿದವರು ನೀವು. ನಂಗೆ ಬುದ್ಧಿ ಹೇಳ್ತೀರಾ?"

"ಮೊನ್ನೆ ನೋಡಿದ್ದಕ್ಕೇ ಹೇಳ್ತಿದೀನಿ. ಇಟ್ಟಿದ್ರೆ? ಯಾವುದೋ ಮಗು ಮೊದಲ ಸಲ ನೋಡತ್ತಲ್ಲ."

ಸ್ವಲ್ಪ ಹೊತ್ತು ತಂತಿಯ ಉಂಡೆ ಉರುಳಿಸುತ್ತಾ ನಿಂತಿದ್ದರು. ಹೋಗುವಾಗ ಟಿಕೆಟ್ ತೆಗೆದುಕೊಂಡೇ ಹೋದರು.

ಆಮೇಲೆ ಫ್ಯಾನಿನ ಅಜ್ಜಿಯೂ ಬಂದಿದ್ದರು. ಗಾಳಿ ಚೆನ್ನಾಗಿದೆಯಂತೆ. ನಿದ್ದೆ? "ಬರ್ತಿದೆ ಕಣಪ್ಪಾ. ಸ್ವಲ್ಪ ತಡ, ಅಷ್ಟೇ."

ಏಪ್ರಿಲ್ 17, ಸಂಜೆ ಏಳು

ಒಂದು ಮಿಕ್ಸಿ, ಒಂದು ಡ್ರಿಲ್ಲಿಂಗ್ ಮೆಷಿನ್. ಬೇಗ ಮುಚ್ಚಿದೆ. ಮಗಳು ಐದಕ್ಕೇ ಬಂದಳು. ತನ್ನ ಫೋನಿನಲ್ಲಿ ಸೀಟಿನ ನಕ್ಷೆ ತೋರಿಸಿದಳು. ಅಮ್ಮನ ಸೀಟಿನಲ್ಲಿ ನಾನು. ನನ್ನ ಮಾಮೂಲಿ ಜಾಗದಲ್ಲಿ ಮಗಳು. ಆಚೆ ಮೇಡಂ.

"ನಿನ್ನ ಜಾಗದಲ್ಲಿ ಕೂತ್ರೆ ನನ್ನ ಕಣ್ಣು ನೀನು ಮುಚ್ಬೇಕಾಗತ್ತೆ ಅಪ್ಪಾ. ರೂಲ್ಸು ರೂಲ್ಸೇ."

"ಮುಚ್ಚಲ್ಲ."

"ನೀನು ಅತ್ರೆ ನಂಗೆ ಕಾಣತ್ತೆ."

"ಕಾಣ್ಲಿ."

ಒಳಗೆ ಹೋದಳು. ಕನ್ನಡಿ ಮುಂದೆ ಕೂತು ಕೂದಲು ಬಿಚ್ಚಿದಳು. ಒಳಗಿನ ಕೋಣೆಯಿಂದ ಬಾಚಣಿಗೆಯ ಆ ಶಬ್ದ ಈಗಲೂ ಬರುತ್ತಿದೆ. ಬರೆಯುವುದನ್ನು ನಿಲ್ಲಿಸಿ ಕೇಳಿದೆ. ಕಣ್ಣು ತೆರೆದೇ.

ಅಂಗಡಿಗೆ ಬೋರ್ಡು ಹಾಕಿ ಬಂದಿದ್ದೇನೆ. ಶೋ ಬೆಳಿಗ್ಗೆ ಹತ್ತೂಕಾಲಿಗೆ. ನಾಳೆ ಅಂಗಡಿ ತೆರೆಯುವುದು ಮಧ್ಯಾಹ್ನದ ಮೇಲೆ.