ರೇಫ, ಅರ್ಕಾವತ್ತು

ಜುಲೈ ೧೪, ಸೋಮವಾರ. ಕುಮಟಾ.

ನಮ್ಮ ಕನ್ನಡ ಫಾಂಟುಗಳ ಫೋರಮ್ಮಿನಲ್ಲಿ ‘ರೇಫ’, ‘ಅರ್ಕಾವತ್ತು’ ಎಂಬ ಎರಡು ಟ್ಯಾಗುಗಳಿದ್ದವು. ಅರ್ಥ ಒಂದೇ, ‘ಸೂರ್ಯ’ ಬರೆವಾಗ ಬರುವ ‘ರ್’ ಗುರುತು. ನನ್ನೊಂದಿಗೆ ಫೋರಮ್ ನೋಡಿಕೊಳ್ಳುವ ನಿತ್ಯಾನಂದ ಹೊನ್ನಾವರದಿಂದ ಇವತ್ತೂ ಫೋನ್ ಮಾಡಿದ.

“ಎಂತ ಮಾರಾಯ, ಎರಡು ಟ್ಯಾಗ್ ಸೇರ್ಸುಕೆ ಮುಹೂರ್ತ ಬೇಕಾ ನಿಂಗೆ?”

“ಆತು,” ಎಂದೆ.

‘ಅರ್ಕಾವತ್ತು’ ಬಳಸುತ್ತಿದ್ದವಳು ಕರ್ಕಿಯ ಪ್ರಣಿತಾ ಒಬ್ಬಳೇ. “ರೇಫ ಅಂದ್ರೆ ಭಟ್ರು ಮಂತ್ರ ಹೇಳ್ದಂಗೆ ಕೇಳ್ತದೆ,” ಎಂದು ನಗುತ್ತಿದ್ದಳು. ಆ ಟ್ಯಾಗಿನಲ್ಲಿ ಪ್ರಶ್ನೆ ಬಂದರೆ ಮಾತ್ರ ಸದ್ದಾಗುವಂತೆ ಫೋನಿನಲ್ಲಿ ಇಟ್ಟುಕೊಂಡಿದ್ದೆ. ಅವಳು ಫೋರಮ್ ಬಿಟ್ಟ ಮೇಲೆ ಸದ್ದಿಲ್ಲ. ಆದರೂ ಅದು ಅವಳ ಮೌನ.

ಸಂಜೆ ‘ಅರ್ಕಾವತ್ತು’ ಟ್ಯಾಗನ್ನು ‘ರೇಫ’ಕ್ಕೆ ಸೇರಿಸಿದೆ; ಫೋನಿನ ಆ ಸದ್ದೂ ಅದರೊಡನೆ ಹೋಯಿತು. ಈಗ ರೇಫದ ಬಗ್ಗೆ ಯಾರು ಕೇಳಿದರೂ ಫೋನು ಸದ್ದು ಮಾಡುತ್ತದೆ. ರಾತ್ರಿ ಸದ್ದಾದಾಗ, ಅವಳಲ್ಲವೆಂದು ಗೊತ್ತಿದ್ದೂ, ಊಟಕ್ಕೆ ಕೂತವನು ಎಂಜಲು ಕೈಯಲ್ಲೇ ಎದ್ದು ಹೋಗಿ ನೋಡಿದೆ.