ಮಾರಿದ ಸರದಿ

ಬೋರಾನ ಸೀಮೆ, ಬಾವಿ ಬಯಲು
ಫೆಬ್ರವರಿ ೯, ಸೋಮವಾರ

ನನ್ನ ಕರುಳಿನ ಎಲೆಮಾ,

ಅಡಿಸ್ ಅಬಾಬಾದಲ್ಲಿ ನಿನ್ನ ಅರ್ಥಶಾಸ್ತ್ರದ ಪಾಠಗಳು ಚೆನ್ನಾಗಿ ನಡೆಯುತ್ತಿವೆಯೇ? ಇಲ್ಲಿ ದನಕರು ಸುಖ ಎಂದು ಬರೆಯುವುದು ವಾಡಿಕೆ. ಈ ಸಲ ಬರೆಯಲಾರೆ.

ಹೋದ ಸಲ ಊರಿಗೆ ಬಂದಾಗ ಒಲೆಯ ಪಕ್ಕ ಕೂತು ನಿನ್ನಣ್ಣ ಜಟಾನಿಗೆ ನೀನು ಹೇಳಿದ್ದು ನೆನಪಿದೆಯೇ? "ನೀರು ಯಾರಿಗೆ ಹೆಚ್ಚು ಬೇಕೋ ಅವ್ನು ಹೆಚ್ಚು ಕೊಡ್ತಾನಣ್ಣ. ಮಾರಿದೋನಿಗೂ ಲಾಭ, ಕೊಂಡೋನಿಗೂ ಲಾಭ. ಬುದ್ಧಿ ಇರೋನು ಹಾಗೇ ಮಾಡ್ತಾನೆ." ಅವನು ಬುದ್ಧಿವಂತನಾಗಲು ಹೊರಟ. ಬಾವಿಯಲ್ಲಿ ದನಕ್ಕೆ ನೀರು ಕುಡಿಸುವ ನಮ್ಮ ಸರದಿಯನ್ನು ಒಬ್ಬ ದನದ ವ್ಯಾಪಾರಿಗೆ ಎರಡು ಕಡಸುಗಳ ಬೆಲೆಗೆ ಮಾರಿಬಿಟ್ಟ.

ಸರದಿಯ ಬೆಳಿಗ್ಗೆ ನೆರೆಯವರು ಎಂದಿನಂತೆ ನಮ್ಮ ದನಕ್ಕೆ ನೀರೆತ್ತಲು ಬಾವಿಗಿಳಿದರು. ಅಟ್ಟಣೆಯ ಮೇಲೆ ಅಟ್ಟಣೆಯಾಗಿ ನಿಂತು, ಹಾಡುತ್ತ, ತೊಗಲ ಬಕೆಟ್ಟನ್ನು ಕೈಯಿಂದ ಕೈಗೆ ಎತ್ತುತ್ತಿದ್ದರು. ನೀರಿನ ತೊಟ್ಟಿಗೆ ಬಾಯಿಟ್ಟ ದನಗಳು ನಮ್ಮವಲ್ಲ ಎಂದು ಮೇಲಿನಿಂದ ಯಾರೋ ಹೇಳಿದರು. ಹಾಡು ನಿಂತಿತು. ತಳದಲ್ಲಿದ್ದ ಲಿಬಾನ್ ಮೇಲೆ ನಿಂತಿದ್ದ ಜಟಾನಿಯತ್ತ ಕತ್ತೆತ್ತಿ, "ಸರದಿ ನಿಂದು, ಸರಿ ಮಗಾ. ತೋಳು ಯಾರ್ದು? ಅದನ್ನೂ ಮಾರಿದ್ಯಾ?" ಎಂದ. ನಿನ್ನಣ್ಣ ಕೂಲಿ ಕೊಡುತ್ತೇನೆಂದ. ಅಲ್ಲಿಗೆ ಪೂರಾ ಕೆಟ್ಟಿತು. "ಹಾಗಾದ್ರೆ ನನ್ನ ಮಗಳ ಮದುವೇಲಿ ತಿಂದ ಮಾಂಸಕ್ಕೂ ಬೆಲೆ ಕಟ್ಟು" ಎನ್ನುತ್ತ ಲಿಬಾನ್ ಹತ್ತಿ ಬಂದ. ಅವನ ಹಿಂದೆ ಎಲ್ಲರೂ.

ಆಮೇಲೆ ನಮಗಾಗಿ ಯಾರೂ ಬಾವಿಗಿಳಿದಿಲ್ಲ. ಜಟಾನಿ ಕಡಸುಗಳನ್ನು ಹಿಂದಿರುಗಿಸಿದ, ಉಪಯೋಗವಾಗಲಿಲ್ಲ. ಅವನೊಬ್ಬನೇ ಏರಿ ಇಳಿದು ತರುವ ನೀರು ಕರುಗಳ ನಾಲಿಗೆಗೂ ಸಾಲದು. ನಿನ್ನ ಹೆಸರಿಗೆ ಬಿಟ್ಟ ಕಂದು ಹಸು ಈ ಬೆಳಿಗ್ಗೆ ಎದ್ದೇ ಇಲ್ಲ.

ಸರದಿ ನೋಡಿಕೊಳ್ಳುವ ಹಿರಿಯ ಹಲಾಕೆ ಮನೆಗೆ ಬಂದಿದ್ದರು. "ಇದು ಈ ಹುಡುಗನ ತಲೇಲಿ ಹುಟ್ಟಿದ ಮಾತಲ್ಲ. ಹೇಳಿಕೊಟ್ಟೋರು ಶುಕ್ರವಾರ ತಳಕ್ಕಿಳಿದು ನೆರೆಯೋರ ದನಕ್ಕೆ ನೀರೆತ್ಲಿ. ಆಮೇಲೆ ನಿಮ್ಮ ದನಾನೂ ಕುಡೀಲಿ" ಎಂದರು. ನಿನ್ನ ಹೆಸರು ಜಟಾನಿಯ ಬಾಯಿಂದ ಬರುವುದಿಲ್ಲ.

ಬಾ ಎಂದು ನಾನು ಹೇಳುತ್ತಿಲ್ಲ. ನಿನಗೆ ಪರೀಕ್ಷೆಯ ಕಾಲ. ಬಸ್ಸಿನವನ ಕೈಯಲ್ಲಿ ನಿನಗೆ ಬೆಣ್ಣೆ ಕಳಿಸೋಣವೆಂದಿದ್ದೆ; ಹಾಲಿಲ್ಲ, ಬರೀ ಈ ಕಾಗದ ಕಳಿಸುತ್ತಿದ್ದೇನೆ.

ನಿನ್ನ ಅಮ್ಮ,
ಧಾಕಿ

ಮರೆತಿದ್ದೆ: ಹೇಳಿಕೊಟ್ಟವಳು ನಾನೇ ಎಂದು ಹಲಾಕೆಗೆ ಹೇಳಿಬಿಟ್ಟೆ. ಶುಕ್ರವಾರ ಇಳಿಯುತ್ತೇನೆ. ನನ್ನ ಬಲತೋಳು ಭುಜದಿಂದ ಮೇಲೇಳುವುದಿಲ್ಲ ಎಂಬುದು ನಿನಗೊಬ್ಬಳಿಗೇ ಗೊತ್ತು. ನೀನು ಬಾರದಿದ್ದರೆ ಹೇಳಿಕೊಟ್ಟವಳು ನೀನೆಂದು ಯಾರಿಗೂ ತಿಳಿಯುವುದಿಲ್ಲ, ನಿನಗೆ ನಷ್ಟವೂ ಇಲ್ಲ. ಲೆಕ್ಕ ನೀನೇ ಹಾಕು.