ಶಾವಿಗೆಯ ಮೇಲೆ ಆಣೆಕಲ್ಲು

ತಿರ್ಲಾಪುರ
೧೭ ಏಪ್ರಿಲ್ ೧೯೭೩, ಮಂಗಳವಾರ

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತೀ ತಾನೇ? ನಿಮ್ಮ ಪಲ್ಟನ್ನಿನ ಡೇರೆಗಳ ಮುಂದೆ ಮೊಣಕಾಲುದ್ದ ಹಿಮ ಬಿದ್ದಿದೆ ಎಂದು ನೀನು ಬರೆದಂದಿನಿಂದ ಅವ್ವ ಬಿಸಿನೀರಿನ ಸ್ನಾನವನ್ನೇ ಬಿಟ್ಟಿದ್ದಾಳೆ. ಮಗ ಚಳಿಯಲ್ಲಿರುವಾಗ ತಾನು ಬೆಚ್ಚಗಿರಬಾರದಂತೆ. ನಮ್ಮ ಈ ಬಿಸಿಲಿಗೆ ತಣ್ಣೀರೇ ಹಿತ. ಅದನ್ನು ಅವಳಿಗೆ ಹೇಳುವವರು ಯಾರು?

ಭಾನುವಾರ ಯರಗುಪ್ಪಿಯ ಶಂಭುಲಿಂಗಪ್ಪನವರು ಮಗನನ್ನು ಕರೆದುಕೊಂಡು ನನ್ನನ್ನು ನೋಡಲು ಬಂದಿದ್ದರು. ಮಗಳ ಮುಖ ಚೆನ್ನಾಗಿ ಕಾಣಲಿ ಎಂದು ಅಪ್ಪ ಪಡಸಾಲೆಯಲ್ಲಿ ಸರಿಯಾಗಿ ಮಾಳಿಗೆಯ ಬೆಳಕಿಂಡಿಯ ಕೆಳಗೇ ಜಮಖಾನೆ ಹಾಸಿಸಿದ್ದರು. ಮೋಡ ಕಟ್ಟಿದ್ದನ್ನು ಅವ್ವ ತೋರಿಸಿದರೆ, "ಯುಗಾದಿ ಆಗಿ ಹದಿನೈದ್ ದಿನಾ ಆಗಿಲ್ಲ, ಎಲ್ಲೀ ಮಳಿ? ಸುಮ್ನ ಕುಂಡ್ರು" ಎಂದು ಗದರಿದರು. ನಾನು ತಲೆ ಬಗ್ಗಿಸಿ ಅವಲಕ್ಕಿಯ ತಾಟು ಇಡುವಷ್ಟರಲ್ಲಿ ಬೆಳಕಿಂಡಿಯಿಂದ ಆಣೆಕಲ್ಲು ದಬದಬ ಸುರಿಯಿತು. ಶಂಭುಲಿಂಗಪ್ಪನವರ ತಲೆಯ ರುಮಾಲಿನಲ್ಲಿ ನಾಲ್ಕು, ಅವಲಕ್ಕಿಯಲ್ಲಿ ಹತ್ತು. ಅಪ್ಪ ಮಾತ್ರ, "ತಗೊಳ್ರಿ, ನಾಚಬ್ಯಾಡ್ರಿ" ಎಂದು ಉಪಚಾರ ಮಾಡುತ್ತಲೇ ಇದ್ದರು.

ಮಾಳಿಗೆಯ ಮೇಲೆ ಇಡೀ ವರ್ಷದ ಶಾವಿಗೆ ಒಣಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ತಲೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಏಣಿ ಹತ್ತಿದೆ. ನೋಡಿದರೆ ಆ ಹುಡುಗ ನನಗಿಂತ ಮೊದಲೇ ಮೇಲೆ ಹೋಗಿ, ತನ್ನ ಹೊಸ ಕೋಟಿನೊಳಗೆ ಶಾವಿಗೆ ಬಾಚಿ ತುಂಬುತ್ತಿದ್ದ. ಇಳಿದು ಬಂದಾಗ ಅವನ ಹಣೆಯಲ್ಲಿ ಲಿಂಬೆಕಾಯಿಯಷ್ಟು ಬಾವು. ಅಂಗಳವೆಲ್ಲ ಬೆಳ್ಳಗಾಗಿತ್ತು. ಅವ್ವ ಒಂದು ಬೊಗಸೆ ಆಣೆಕಲ್ಲು ಎತ್ತಿಕೊಂಡು, "ನನ್ನ ಹೊಳೆಪ್ಪ ಇಂಥಾದ್ರಾಗ ಮಲಗ್ತಾನ್ರಿ" ಎಂದು ಬಂದವರ ಮುಂದೆಯೇ ಅತ್ತಳು. ನನಗೂ ಅಳು ಬಂತು ಅಣ್ಣಾ.

ಅವರು ನಿನ್ನೆ ಒಪ್ಪಿಗೆ ಹೇಳಿ ಕಳಿಸಿದ್ದಾರೆ. ಅಪ್ಪನಿಗೇ ಮನಸ್ಸಿಲ್ಲ. "ಕನ್ಯಾ ನೋಡಾಕ ಬಂದಾಂವ ಮಾಳಗಿ ಹತ್ತಿ ಶಾವಿಗಿ ಬಾಚಿದ್ರ ಏನ್ ಗತ್ತು ಉಳೀತು?" ಎನ್ನುತ್ತಾರೆ. ಕೊನೆಗೆ, ನಿನ್ನ ಕಾಗದ ಬರಲಿ, ನೀನು ಹೇಳಿದಂತೆ ಆಗಲಿ ಎಂದಿದ್ದಾರೆ. ನನ್ನದೇನಿದೆ, ಹಿರಿಯರು ಹೇಳಿದ ಹಾಗೆ.

ಅಪ್ಪ, ಅವ್ವ ಇಬ್ಬರೂ ನಿನಗೆ ಆಶೀರ್ವಾದ ಹೇಳಿದ್ದಾರೆ. ನನ್ನ ನಮಸ್ಕಾರ.

ನಿನ್ನ ತಂಗಿ,
ಸುಶೀಲಾ

ತಾ.ಕ.: ಇಲ್ಲಿಯವರೆಗಿನದನ್ನು ಅಪ್ಪ ಓದಿ, ಚಹಾ ಕುಡಿಯಲು ಒಳಗೆ ಹೋಗಿದ್ದಾರೆ. ಕಾಗದದ ಅಂಚು ಅಂಟಿಸುವ ಮೊದಲು ಇದಿಷ್ಟು ಬರೆಯುತ್ತಿದ್ದೇನೆ. ಮಾಳಿಗೆಯ ಮೇಲೆ ಅವರು, "ನೀವು ಕೆಳಗ ಇಳೀರಿ. ನಿಮ್ಮ ತಲಿ ಒಡದ್ರ ನಾ ಯಾರನ್ನ ನೋಡ್ಕೊಂಡ್ ಹೋಗ್ಲಿ?" ಎಂದರು. ಅಣ್ಣಾ, ನನಗೆ ಇವರೇ ಬೇಕು. ಹುಡುಗ ಒಳ್ಳೆಯವನು, ಗಟ್ಟಿ ಮಾಡಿರಿ ಎಂದು ಅಪ್ಪನಿಗೆ ಕೂಡಲೇ ಬರೆ. ನಿನಗೇ ಹೊಳೆದದ್ದು ಅನ್ನುವ ಹಾಗೆ ಬರೆ. ನಾನೇ ಕೇಳಿಕೊಂಡೆ ಎಂದು ಗೊತ್ತಾದರೆ, ನಾಚಿಕೆಗೆ ನಾನು ಒಲ್ಲೆ ಅನ್ನಬೇಕಾಗುತ್ತದೆ.